ಎಳೆಯ ಜಿಮ್ನಾಸ್ಟರು ಮತ್ತು ತರಬೇತಿಯ ಬಿಡುವು

ಜಿಮ್ನಾಸ್ಟಿಕ್ಸ್ ಕಲಿಯುವ ಮಕ್ಕಳು ರಜೆ, ಗಾಯ, ಕಾಯಿಲೆ, ಪರೀಕ್ಷೆ ಅಥವಾ ಬೇಸರದಿಂದಾಗಿ ಅಭ್ಯಾಸ ನಿಲ್ಲಿಸಿದಾಗ ಅವರ ಮೈಯಲ್ಲಿ, ಕೌಶಲದಲ್ಲಿ, ಮನಸ್ಸಿನಲ್ಲಿ ಹಲವು ಬದಲಾವಣೆಗಳಾಗುತ್ತವೆ. ತರಬೇತಿಯಿಂದ ಗಳಿಸಿದ ಸಾಮರ್ಥ್ಯ ತರಬೇತಿ ನಿಂತಾಗ ಕರಗುವುದು ಎಲ್ಲ ಆಟಗಳಿಗೂ ಸಾಮಾನ್ಯ. ಆದರೆ ಓಟಗಾರನ ಬಿಡುವಿಗೂ ಜಿಮ್ನಾಸ್ಟಿನ ಬಿಡುವಿಗೂ ದೊಡ್ಡ ವ್ಯತ್ಯಾಸವಿದೆ. ಜಿಮ್ನಾಸ್ಟಿಕ್ಸ್ ಐದಾರು ವರ್ಷಕ್ಕೇ ಶುರುವಾಗುವ ಆಟ. ಉನ್ನತ ಮಟ್ಟಕ್ಕೆ ತಯಾರಾಗುವ ಮಕ್ಕಳು ಹತ್ತು ಹನ್ನೆರಡರ ವಯಸ್ಸಿಗೆ ವಾರಕ್ಕೆ 20 ಗಂಟೆಗೂ ಹೆಚ್ಚು ಕಾಲ ಅಂಕಣದಲ್ಲಿರುತ್ತಾರೆ. ಅಭ್ಯಾಸ ಅತ್ಯಂತ ಬಿರುಸಾಗಿರುವ ವರ್ಷಗಳೂ ಮೈ ಅತ್ಯಂತ ವೇಗವಾಗಿ ಬೆಳೆಯುವ ವರ್ಷಗಳೂ ಇಲ್ಲಿ ಒಂದೇ. ಹೀಗಾಗಿ ಮೂರು ತಿಂಗಳು ಬಿಟ್ಟು ಮರಳುವ ಹುಡುಗಿ ಬಿಟ್ಟುಹೋದ ಮೈಯನ್ನೇ ಹೊತ್ತು ಬರುವುದಿಲ್ಲ. ಕಾಲು ಉದ್ದವಾಗಿರುತ್ತದೆ, ತೂಕ ಏರಿರುತ್ತದೆ, ಗುರುತ್ವದ ಕೇಂದ್ರ ಸರಿದಿರುತ್ತದೆ.

ಬಿಡುವಿನಲ್ಲಿ ದಮ್ಮು, ಬಲ, ಮೂಳೆ, ಸ್ನಾಯುರಜ್ಜು, ಚಲನೆಯ ನೆನಪು, ಧೈರ್ಯ ಎಲ್ಲವೂ ಒಟ್ಟಿಗೆ ಇಳಿಯುವುದಿಲ್ಲ, ಒಟ್ಟಿಗೆ ಮರಳುವುದೂ ಇಲ್ಲ. ಕೆಲವು ವಾರಗಳಲ್ಲಿ ಹೋಗಿ ವಾರಗಳಲ್ಲೇ ಬರುತ್ತವೆ. ಕೆಲವು ನಿಧಾನವಾಗಿ ಹೋಗಿ ಇನ್ನೂ ನಿಧಾನವಾಗಿ ಬರುತ್ತವೆ. ಬಿಡುವಿಗೆ ಅಂಟಿಕೊಂಡಿರುವ ಅಪಾಯದ ಬಹುಪಾಲು ಈ ವೇಗಗಳ ನಡುವಿನ ಅಂತರದಲ್ಲೇ ಇದೆ. ಮಾಡುವ ಬಗೆ ತಲೆಯಲ್ಲಿ ಗಟ್ಟಿಯಾಗಿ ಕುಳಿತಿದ್ದು, ಅದನ್ನು ತಾಳಿಕೊಳ್ಳುವ ಮೈ ಇನ್ನೂ ಸಿದ್ಧವಾಗಿರದ ಕೆಲವು ವಾರಗಳೇ ಎಳೆಯ ಜಿಮ್ನಾಸ್ಟರಿಗೆ ಅತ್ಯಂತ ನಾಜೂಕಾದ ಕಾಲ.

ಬಿಡುವಿನ ಬಗೆಗಳು

ಸ್ಪೇನಿನ ಸಂಶೋಧಕರಾದ ಇನಿಗೊ ಮುಹಿಕಾ ಮತ್ತು ಸಬಿನೊ ಪಡಿಯಾ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಾಲ್ಕು ವಾರಗಳನ್ನು ಗಡಿಯಾಗಿಟ್ಟುಕೊಂಡು ಬಿಡುವನ್ನು ಅಲ್ಪಾವಧಿ, ದೀರ್ಘಾವಧಿ ಎಂದು ಎರಡಾಗಿ ವಿಂಗಡಿಸಿದರು. ಕ್ರೀಡಾವಿಜ್ಞಾನದಲ್ಲಿ ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಮಕ್ಕಳ ವಿಷಯದಲ್ಲಿ ಅವಧಿಯಷ್ಟೇ ಮುಖ್ಯವಾದದ್ದು ಬಿಡುವಿನ ಕಾರಣ. ಹಬ್ಬಕ್ಕೆ ಊರಿಗೆ ಹೋಗಿ ಹೊಲ, ಕೆರೆ ಎಂದು ಓಡಾಡಿಕೊಂಡಿದ್ದ ಮಗುವಿನ ಹತ್ತು ದಿನವೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹಾಸಿಗೆಯಲ್ಲಿದ್ದ ಮಗುವಿನ ಹತ್ತು ದಿನವೂ ಲೆಕ್ಕದಲ್ಲಿ ಮಾತ್ರ ಸಮ.

ಭಾರತದಲ್ಲಿ ಪರೀಕ್ಷೆಯ ಬಿಡುವು ಒಂದು ಬೇರೆಯೇ ಬಗೆ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ವರ್ಷ ಬಂತೆಂದರೆ ಅನೇಕ ಮನೆಗಳಲ್ಲಿ ಆಟದ ಬ್ಯಾಗು ಅಟ್ಟ ಸೇರುತ್ತದೆ. ಆ ವಯಸ್ಸು ಸುಮಾರು 15. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟದ ನಿಯಮದಂತೆ 1997ರಿಂದ ಹುಡುಗಿಯರು ಹಿರಿಯರ ವಿಭಾಗಕ್ಕೆ ಕಾಲಿಡುವುದು 16 ತುಂಬುವ ವರ್ಷದಲ್ಲಿ. ಅಂದರೆ ಹಿರಿಯರ ಸ್ಪರ್ಧೆಗೆ ಸಿದ್ಧವಾಗಬೇಕಾದ ವರ್ಷವೇ ಇಲ್ಲಿ ಪುಸ್ತಕದ ವರ್ಷ. ಹುಡುಗರಿಗೆ ಇದು ಎತ್ತರ ಜಿಗಿಯುವ ಕಾಲವೂ ಹೌದು. ಓದಿಗಾಗಿ ಬಿಟ್ಟವರಲ್ಲಿ ಹಲವರು ಮರಳದಿರುವುದಕ್ಕೆ ಆಸಕ್ತಿ ಕಡಿಮೆಯಾದದ್ದೊಂದೇ ಕಾರಣವಲ್ಲ. ಮರಳಿದಾಗ ಮೈ ಹೇಳಿದ ಮಾತು ಕೇಳದೆ ಹೋಗುವುದು, ಅದಕ್ಕೆ ಕಾರಣವನ್ನು ಯಾರೂ ವಿವರಿಸದೆ ಇರುವುದು ಕೂಡ ಅವರನ್ನು ದೂರ ಮಾಡುತ್ತದೆ.

ಬಲ, ದಮ್ಮು, ಅಂಗೈ

ಮೊದಲು ಇಳಿಯುವುದು ದಮ್ಮು. ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಪಳಗಿದ ವಯಸ್ಕರು ಅಭ್ಯಾಸ ನಿಲ್ಲಿಸಿದ ಮೊದಲ ಮೂರು ವಾರಗಳಲ್ಲಿ ಮೈ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಶೇ. 7ರಷ್ಟು ಕುಸಿಯಿತು, 84 ದಿನಗಳ ಕೊನೆಗೆ ಕುಸಿತ ಶೇ. 16ರಷ್ಟಾಗಿತ್ತು. ಮೊದಮೊದಲಿನ ಕುಸಿತಕ್ಕೆ ಮುಖ್ಯ ಕಾರಣ ರಕ್ತದ ಒಟ್ಟು ಪ್ರಮಾಣ ಕಡಿಮೆಯಾಗಿ ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತವೂ ಕಡಿಮೆಯಾಗುವುದು. ಜಿಮ್ನಾಸ್ಟಿಕ್ಸ್ ದೀರ್ಘ ದಮ್ಮಿನ ಆಟವಲ್ಲ. ಮಹಿಳೆಯರ ಫ್ಲೋರ್ ಮತ್ತು ಬೀಮ್ ಪ್ರದರ್ಶನ ಹೆಚ್ಚೆಂದರೆ 90 ಸೆಕೆಂಡು. ಆದರೂ ಫ್ಲೋರಿನ ಕೊನೆಯ ಲಾಗ ಬರುವುದು ಮೈ ಪೂರ್ತಿ ದಣಿದ ಮೇಲೆ. ಬಿಡುವಿನಿಂದ ಬಂದ ಮಗು ಬಿಡಿಬಿಡಿ ಲಾಗಗಳನ್ನು ಸೊಗಸಾಗಿ ಹಾಕಿ, ಪೂರ್ತಿ ಪ್ರದರ್ಶನದ ಕೊನೆಯ ಸಾಲಿನಲ್ಲಿ ಎಡವುವುದಕ್ಕೆ ಇದು ಕಾರಣ.

ಬಲದ ಕಥೆ ಬೇರೆ. ವಯಸ್ಕರಲ್ಲಿ ಎರಡು ಮೂರು ವಾರಗಳ ಬಿಡುವಿಗೆ ಬಲ ಅಷ್ಟೇನೂ ಜಗ್ಗುವುದಿಲ್ಲ. ಪ್ರೌಢಾವಸ್ಥೆಗೆ ಬರದ ಮಕ್ಕಳಲ್ಲಿ ಬಲ ಹೆಚ್ಚುವುದು ಮುಖ್ಯವಾಗಿ ನರಗಳು ಸ್ನಾಯುವಿನ ಎಳೆಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಲು ಕಲಿಯುವುದರಿಂದ. ಸ್ನಾಯು ದಪ್ಪವಾಗುವುದರಿಂದ ಅಲ್ಲ. ಈ ಕಲಿಕೆ ಬಳಕೆ ತಪ್ಪಿದರೆ ಮಸುಕಾಗುತ್ತದೆ. ಏವರಿ ಫೈಗನ್‌ಬಾಮ್ ಮತ್ತು ಸಂಗಡಿಗರು 1996ರಲ್ಲಿ 7ರಿಂದ 12 ವರ್ಷದ ಮಕ್ಕಳಿಗೆ ಎಂಟು ವಾರ ಬಲದ ವ್ಯಾಯಾಮ ಮಾಡಿಸಿ, ಮುಂದೆ ಎಂಟು ವಾರ ಬಿಡಿಸಿ ಪರೀಕ್ಷಿಸಿದರು. ಗಳಿಸಿದ ಬಲ ಕರಗುತ್ತಾ, ವ್ಯಾಯಾಮವನ್ನೇ ಮಾಡದ ಮಕ್ಕಳ ಮಟ್ಟದತ್ತ ಇಳಿಯಿತು. ಇಂಥ ಅಳತೆಗಳಲ್ಲಿ ಒಂದು ತೊಡಕು ಯಾವಾಗಲೂ ಇರುತ್ತದೆ. ಮಗು ಬಿಡುವಿನಲ್ಲೂ ಬೆಳೆಯುತ್ತಲೇ ಇರುವುದರಿಂದ ಬೆಳವಣಿಗೆ ತಾನೇ ತಂದುಕೊಡುವ ಬಲ, ಬಿಡುವಿನಿಂದ ಹೋದ ಬಲವನ್ನು ಅಷ್ಟಿಷ್ಟು ಮುಚ್ಚಿಬಿಡುತ್ತದೆ. ಯಂತ್ರದ ಮೇಲೆ ಅಳೆದ ಬಲ ಇಳಿದಿಲ್ಲವೆಂದು ಕಂಡರೂ ತನ್ನ ಮೈಯನ್ನು ತಾನು ಎತ್ತುವ ಬಲ ಇಳಿದಿರಬಹುದು. ಜಿಮ್ನಾಸ್ಟಿಗೆ ಬೇಕಾದದ್ದು ಈ ಎರಡನೆಯದು. ಬಾರ್ ಹಿಡಿದು ಮೈಯನ್ನು ಮೇಲೆಳೆದುಕೊಳ್ಳುವ ಕಸರತ್ತಿನಲ್ಲಿ ಒಂದೆರಡು ಕಿಲೋ ಹೆಚ್ಚಾದದ್ದೂ ಗೊತ್ತಾಗುತ್ತದೆ.

ಕಳೆದ ಬಲ ಹೊಸದಾಗಿ ಗಳಿಸುವುದಕ್ಕಿಂತ ಬೇಗ ಮರಳುತ್ತದೆ ಎಂಬುದು ತರಬೇತುದಾರರ ಹಳೆಯ ಅನುಭವ. ನಾರ್ವೆಯಲ್ಲಿ ಕ್ರಿಸ್ಟಿಯನ್ ಗುಂಡರ್‌ಸನ್ ಅವರ ತಂಡ 2010ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗ ಇದಕ್ಕೊಂದು ವಿವರಣೆ ಕೊಟ್ಟಿತು: ಸ್ನಾಯು ಬೆಳೆದಾಗ ಅದರ ಎಳೆಗಳಿಗೆ ಸೇರಿದ ಹೊಸ ಕೋಶಕೇಂದ್ರಗಳು ಸ್ನಾಯು ಸೊರಗಿದ ಮೇಲೂ ಉಳಿದುಕೊಂಡಿದ್ದವು. ಮಕ್ಕಳಲ್ಲಿ ನರಗಳ ಪಾತ್ರವೇ ಹಿರಿದಾದ್ದರಿಂದ ಮರುಕಳಿಕೆ ಇನ್ನೂ ಚುರುಕಾಗಿ ಕಾಣಿಸುತ್ತದೆ. ಈ ಚುರುಕುತನವೇ ಮುಂದೆ ಹೇಳುವ ತೊಂದರೆಗೆ ದಾರಿ ಮಾಡುತ್ತದೆ.

ಮೈ ಬಾಗುವ ಗುಣ ಕೆಲವೇ ವಾರಗಳಲ್ಲಿ ತಗ್ಗುತ್ತದೆ. ಸ್ಪ್ಲಿಟ್‌ನಲ್ಲಿ ನೆಲ ಮುಟ್ಟುತ್ತಿದ್ದ ತೊಡೆ ಒಂದು ಗೇಣು ಮೇಲೆಯೇ ನಿಲ್ಲುತ್ತದೆ, ಭುಜ ಹಿಂದಕ್ಕೆ ತೆರೆಯುವುದಿಲ್ಲ. ಭುಜ ತೆರೆಯದ ಮಗು ಹ್ಯಾಂಡ್‌ಸ್ಟ್ಯಾಂಡ್ ಮಾಡುವಾಗ ಆ ಕೊರತೆಯನ್ನು ಸೊಂಟ ಬಾಗಿಸಿ ತುಂಬಿಕೊಳ್ಳುತ್ತದೆ. ಬೆನ್ನಿನ ಕೆಳಭಾಗಕ್ಕೆ ಬೀಳುವ ಹೊರೆ ಹೀಗೆ ಸದ್ದಿಲ್ಲದೆ ಏರುತ್ತದೆ.

ಪುಸ್ತಕಗಳಲ್ಲಿ ಹೆಚ್ಚು ಕಾಣದ, ಆದರೆ ಅಂಕಣದಲ್ಲಿ ಮೊದಲ ದಿನವೇ ಎದುರಾಗುವ ಸಂಗತಿ ಅಂಗೈಯದು. ಬಾರ್, ರಿಂಗ್ಸ್ ಹಿಡಿಯುವ ಮಕ್ಕಳ ಬೆರಳ ಬುಡದಲ್ಲಿ ಜಡ್ಡುಗಟ್ಟಿರುತ್ತದೆ. ಕೆಲವು ವಾರ ಬಿಟ್ಟರೆ ಜಡ್ಡು ಸುಲಿದು ಕೆಳಗಿನ ಎಳೆ ಚರ್ಮ ಹೊರಬರುತ್ತದೆ. ಆ ಕೈಯಲ್ಲಿ ಚಾಕ್ ಪುಡಿ ಹಚ್ಚಿಕೊಂಡು ದೊಡ್ಡ ತೂಗಾಟಕ್ಕೆ ಇಳಿದರೆ ಅರ್ಧ ಗಂಟೆಯೊಳಗೆ ಬೊಬ್ಬೆಯೆದ್ದು ಚರ್ಮ ಕಿತ್ತುಬರುತ್ತದೆ. ಮತ್ತೆ ನಾಲ್ಕಾರು ದಿನ ಬಾರ್ ಮುಟ್ಟುವಂತಿಲ್ಲ. ಅನುಭವಿ ತರಬೇತುದಾರರು ಮೊದಲ ವಾರ ಬಾರ್ ಮೇಲಿನ ಸರದಿಗಳನ್ನು ನಿಮಿಷದ ಲೆಕ್ಕದಲ್ಲಿ ಕೊಡುವುದು ಈ ಕಾರಣಕ್ಕೆ.

ಮೂಳೆ ಮತ್ತು ಸ್ನಾಯುರಜ್ಜು

ಜಿಮ್ನಾಸ್ಟಿಕ್ಸ್ ಮಕ್ಕಳ ಮೂಳೆಗೆ ಕೊಡುವ ಲಾಭವನ್ನು ಬೇರೆ ಆಟಗಳು ಅಷ್ಟಾಗಿ ಕೊಡಲಾರವು. ಲಾಗ ಹಾಕಿ ನೆಲಕ್ಕಿಳಿಯುವಾಗ ಕಾಲಿನ ಮೇಲೆ ಬೀಳುವ ಬಲ ಮೈತೂಕದ ಹತ್ತು ಪಟ್ಟಿನಷ್ಟಕ್ಕೆ ಏರಬಲ್ಲದು. ಕೈಯೂರಿ ಮಾಡುವ ಕಸರತ್ತುಗಳಿಂದ ಮುಂಗೈಗೂ ಇಂಥ ಹೊರೆ ಸಿಗುತ್ತದೆ. ಹೊರೆಗೆ ತಕ್ಕಂತೆ ಮೂಳೆ ಗಟ್ಟಿಯಾಗುತ್ತದೆ. ಹೊರೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಎರಡು ಬಗೆಯ ಉತ್ತರಗಳಿವೆ, ಎರಡೂ ನಿಜ.

ಅಮೆರಿಕದ ಆರೆಗನ್‌ನಲ್ಲಿ ಕ್ರಿಸ್ಟೀನ್ ಸ್ನೋ ಮತ್ತು ಸಂಗಡಿಗರು ಕಾಲೇಜು ಜಿಮ್ನಾಸ್ಟರನ್ನು ಎರಡು ವರ್ಷ ಹಿಂಬಾಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿಯ ತಿಂಗಳುಗಳಲ್ಲಿ ಮೂಳೆಯ ಸಾಂದ್ರತೆ ಏರಿತು, ಬಿಡುವಿನ ತಿಂಗಳುಗಳಲ್ಲಿ ಇಳಿಯಿತು, ಮರುವರ್ಷ ಹಾಗೆಯೇ ಮರುಕಳಿಸಿತು. ಇದು ಋತುವಿನ ಲೆಕ್ಕ. ಬಾಳಿನ ಲೆಕ್ಕ ಬೇರೆ. ಆಸ್ಟ್ರೇಲಿಯಾದಲ್ಲಿ ಶೋನಾ ಬಾಸ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದಂತೆ, ಎಷ್ಟೋ ವರ್ಷಗಳ ಹಿಂದೆ ಆಟ ಬಿಟ್ಟ ಮಹಿಳೆಯರ ಮೂಳೆಯೂ ಎಂದೂ ಆಡದವರ ಮೂಳೆಗಿಂತ ಸಾಂದ್ರವಾಗಿತ್ತು. ಕೆನಡಾದ ಸಸ್ಕಾಚೆವಾನ್‌ನಲ್ಲಿ ಎಳೆಯ ಜಿಮ್ನಾಸ್ಟರನ್ನು 14 ವರ್ಷಗಳ ನಂತರ ಮತ್ತೆ ಅಳೆದು ನೋಡಿದ ಸಂಶೋಧಕರಿಗೂ ಇದೇ ಕಂಡಿತು. ಮೈನೆರೆಯುವ ಮೊದಲು ಮೂಳೆ ಪಡೆದ ಗಾತ್ರ ಮತ್ತು ಆಕಾರ ಬಹುಮಟ್ಟಿಗೆ ಉಳಿಯುತ್ತದೆ. ಅದರ ಮೇಲೆ ಆಯಾ ವರ್ಷದ ಅಭ್ಯಾಸ ಸೇರಿಸಿದ್ದು ಬಂದುಹೋಗುತ್ತಿರುತ್ತದೆ. ಹನ್ನೊಂದು ವರ್ಷದ ಮಗಳು ಆಟ ಬಿಟ್ಟಳೆಂದು ‘ಇಷ್ಟು ವರ್ಷ ಮಾಡಿದ್ದೆಲ್ಲ ನೀರುಪಾಲು’ ಎಂದು ಕೊರಗುವ ಅಪ್ಪ ಅಮ್ಮಂದಿರಿಗೆ ಈ ಅಧ್ಯಯನಗಳಲ್ಲಿ ನಿಜವಾದ ಸಮಾಧಾನವಿದೆ.

ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಮಾತ್ರ ಇಷ್ಟು ಉದಾರಿಯಲ್ಲ. ಜಪಾನಿನ ಕೆಯ್ತಾರೊ ಕುಬೊ ಅವರ ತಂಡ ವಯಸ್ಕರ ಮೇಲೆ ನಡೆಸಿದ ಅಧ್ಯಯನದಲ್ಲಿ, ತರಬೇತಿ ನಿಂತಾಗ ಸ್ನಾಯುವಿನ ಬಲ ಇನ್ನೂ ಉಳಿದಿರುವಾಗಲೇ ಸ್ನಾಯುರಜ್ಜು ಗಳಿಸಿದ ಬಿಗಿ ಕಳೆದುಹೋಗಿತ್ತು. ಮರಳುವಾಗಲೂ ರಜ್ಜು ಹಿಂದುಳಿಯುತ್ತದೆ. ಅದಕ್ಕೆ ರಕ್ತದ ಪೂರೈಕೆ ಕಡಿಮೆ, ಹೊಸದಾಗುವ ವೇಗವೂ ಕಡಿಮೆ. ನೆಲವನ್ನು ಒದ್ದು ಮೇಲೇಳುವ ಆಟದಲ್ಲಿ ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವಿಗೆ ಬೀಳುವ ಏಟು ದೊಡ್ಡದು. ಮೂರನೇ ವಾರಕ್ಕೆ ಕಾಲಿನ ಬಲ ಬಂತೆಂದು ಪೂರ್ತಿ ಲಾಗಗಳಿಗೆ ಇಳಿಸುವುದು ಆ ರಜ್ಜುವಿನ ಪಾಲಿಗೆ ಆತುರದ ನಿರ್ಧಾರ.

ಬಿಡುವಿನಲ್ಲೇ ಬೆಳೆಯುವ ಮೈ

ಹುಡುಗಿಯರು ಸರಾಸರಿ 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಆ ವರ್ಷ ಹುಡುಗಿ 8 ಸೆಂಟಿಮೀಟರ್, ಹುಡುಗ 9 ಸೆಂಟಿಮೀಟರ್‌ಗೂ ಹೆಚ್ಚು ಬೆಳೆಯಬಹುದು. ಜಿಮ್ನಾಸ್ಟರಲ್ಲಿ ಈ ಹಂತ ಸಾಮಾನ್ಯವಾಗಿ ಒಂದಿಷ್ಟು ತಡವಾಗಿ ಬರುತ್ತದೆ. ದಿನವೂ ಅಭ್ಯಾಸದಲ್ಲಿರುವ ಮಗು ಈ ಬೆಳವಣಿಗೆಯನ್ನು ಮಿಲಿಮೀಟರ್‌ಗಳಲ್ಲಿ ಎದುರಿಸಿ ಅಷ್ಟಷ್ಟಕ್ಕೇ ಹೊಂದಿಕೊಳ್ಳುತ್ತದೆ. ಬಿಡುವಿನಲ್ಲಿರುವ ಮಗುವಿಗೆ ಎರಡು ಮೂರು ಸೆಂಟಿಮೀಟರ್ ಒಮ್ಮೆಲೇ ಎದುರಾಗುತ್ತದೆ.

ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ಅಂದಾಜಿಸಬಹುದು. 140 ಸೆಂಟಿಮೀಟರ್ ಎತ್ತರದ ಮಗು ಅದೇ ಅಳತೆಯ ಹೊಂದಾಣಿಕೆಯಲ್ಲಿ 147 ಸೆಂಟಿಮೀಟರ್‌ಗೆ ಬೆಳೆದರೆ ಎತ್ತರ ಹೆಚ್ಚಿದ್ದು ಶೇ. 5. ಸ್ನಾಯುವಿನ ಅಡ್ಡಕೊಯ್ತ, ಅಂದರೆ ಬಲ, ಸುಮಾರು ಶೇ. 10 ಹೆಚ್ಚುತ್ತದೆ. ತೂಕ ಸುಮಾರು ಶೇ. 16. ಲಾಗ ಹಾಕುವಾಗ ತಿರುಗುವುದಕ್ಕೆ ಮೈ ಒಡ್ಡುವ ಪ್ರತಿರೋಧ ಸುಮಾರು ಶೇ. 28. ಬಲ ಏರಿದ್ದರೂ ಹೊರೆ ಅದಕ್ಕಿಂತ ಹೆಚ್ಚು ಏರಿದೆ. ನಿಜವಾದ ಬೆಳವಣಿಗೆಯಲ್ಲಿ ಮೊದಲು ಉದ್ದವಾಗುವುದು ಕೈಕಾಲು, ಸ್ನಾಯು ತುಂಬಿಕೊಳ್ಳುವುದು ಆಮೇಲೆ. ಹೀಗಾಗಿ ಕೆಲವು ತಿಂಗಳು ಅಂತರ ಈ ಲೆಕ್ಕಕ್ಕಿಂತಲೂ ದೊಡ್ಡದು. ಬಿಡುವಿಗೆ ಮುಂಚೆ ಗಾಳಿಯಲ್ಲಿ ಸಲೀಸಾಗಿ ಪೂರ್ತಿಯಾಗುತ್ತಿದ್ದ ಎರಡು ಸುತ್ತು ಈಗ ಒಂದೂಮುಕ್ಕಾಲಕ್ಕೇ ನಿಲ್ಲುತ್ತದೆ. ಬಾರ್‌ಗಳಂತೂ ಮಗುವಿನ ಜೊತೆ ಬೆಳೆಯುವುದಿಲ್ಲ. ಮಹಿಳೆಯರ ಸ್ಪರ್ಧೆಯಲ್ಲಿ ಅವು ನೆಲದಿಂದ 170 ಮತ್ತು 250 ಸೆಂಟಿಮೀಟರ್ ಎತ್ತರದಲ್ಲಿರುತ್ತವೆ. ಮೇಲಿನ ಬಾರ್‌ನಿಂದ ತೂಗುವಾಗ ಕೆಳಗಿನದಕ್ಕೆ ತಾಗದಿದ್ದ ಪಾದ ಈಗ ತಾಗುತ್ತದೆ.

ಎತ್ತರ ಏರುವ ವೇಗಕ್ಕೆ ಮೂಳೆಯಲ್ಲಿ ಖನಿಜ ತುಂಬುವ ವೇಗ ಸುಮಾರು ಅರ್ಧ ವರ್ಷ ಹಿಂದೆ ಬೀಳುತ್ತದೆ. ಮಕ್ಕಳಲ್ಲಿ ಮುಂಗೈ ಮುರಿತ ಈ ವಯಸ್ಸಿನಲ್ಲೇ ಹೆಚ್ಚು. ಮೂಳೆಯ ತುದಿಯ ಬೆಳವಣಿಗೆ ತಟ್ಟೆಯೂ ಈಗ ಸುಲಭವಾಗಿ ನೋಯುವ ಸ್ಥಿತಿಯಲ್ಲಿರುತ್ತದೆ. ಮೃದ್ವಸ್ಥಿಯ ಈ ತೆಳು ಪದರದಿಂದಲೇ ಮೂಳೆ ಉದ್ದವಾಗುವುದು. ದೀರ್ಘ ಬಿಡುವು ಈ ಕಾಲದಲ್ಲೇ ಬಂದರೆ ಮರಳುವ ಯೋಜನೆಯನ್ನು ಹಳೆಯ ಮೈಗಲ್ಲ, ಹೊಸ ಮೈಗೆ ಹೊಲಿಯಬೇಕಾಗುತ್ತದೆ.

ತೀವ್ರ ತರಬೇತಿಯೇ ಜಿಮ್ನಾಸ್ಟರನ್ನು ಗಿಡ್ಡರನ್ನಾಗಿಸುತ್ತದೆ, ಬಿಟ್ಟರೆ ಎತ್ತರವಾಗುತ್ತಾರೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅಂತರರಾಷ್ಟ್ರೀಯ ಒಕ್ಕೂಟ ನೇಮಿಸಿದ ತಜ್ಞರು, ರಾಬರ್ಟ್ ಮಲೀನಾ ಮುಂದಾಳತ್ವದಲ್ಲಿ, ಲಭ್ಯ ಸಾಕ್ಷ್ಯವನ್ನೆಲ್ಲ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ತೀರ್ಮಾನ ಇದಕ್ಕೆ ವಿರುದ್ಧ: ತರಬೇತಿಯಿಂದ ವಯಸ್ಕ ಎತ್ತರ ಕುಗ್ಗುವುದಿಲ್ಲ, ಗಿಡ್ಡ ಮೈಕಟ್ಟಿನವರೇ ಈ ಆಟಕ್ಕೆ ಆಯ್ಕೆಯಾಗಿ ಉಳಿಯುತ್ತಾರೆ. ಆದರೆ ಸಾಕಷ್ಟು ಉಣ್ಣದೆ ದಣಿಯುತ್ತಿದ್ದ ಮಗುವಿನ ವಿಷಯ ಬೇರೆ. ಊಟ ಕಡಿಮೆಯಾಗಿ ಮುಟ್ಟು ತಡವಾದ ಅಥವಾ ನಿಂತ ಹುಡುಗಿಗೆ ಬಿಡುವೂ ಹೊಟ್ಟೆ ತುಂಬ ಊಟವೂ ಸಿಕ್ಕಾಗ ಮೈ ಹಿಂದುಳಿದ ಬೆಳವಣಿಗೆಯನ್ನು ತುಂಬಿಕೊಳ್ಳುತ್ತದೆ. ಆಗ ಏರುವ ತೂಕವನ್ನು ಬಿಡುವಿನ ಕೆಡುಕೆಂದು ಹೀಗಳೆಯುವುದು ಮಗುವಿಗೆ ಮಾಡುವ ಅನ್ಯಾಯ. ಅದು ಆರೋಗ್ಯ ಮರಳಿದ ಗುರುತು.

ಕೌಶಲ ಮತ್ತು ಭಯ

ಚೆನ್ನಾಗಿ ಕಲಿತ ಚಲನೆ ಬೇಗ ಮರೆತುಹೋಗುವುದಿಲ್ಲ. ವರ್ಷಗಟ್ಟಲೆ ಮಾಡಿದ ಕಾರ್ಟ್‌ವೀಲ್, ಹ್ಯಾಂಡ್‌ಸ್ಟ್ಯಾಂಡ್, ಹಿಂದಕ್ಕೆ ಹಾಕುವ ಲಾಗ ಒಂದೆರಡು ದಿನಗಳಲ್ಲಿ ಮೈಗೆ ಬರುತ್ತವೆ. ಬಿಡುವಿಗೆ ಒಂದೆರಡು ತಿಂಗಳ ಹಿಂದಷ್ಟೇ ಕಲಿತದ್ದು, ಇನ್ನೂ ಪಕ್ಕಾ ಆಗದಿದ್ದದ್ದು ಮೊದಲು ಹೋಗುತ್ತದೆ. ಬಗೆ ನೆನಪಿದ್ದರೂ ಕಾಲದ ಅಳತೆ ತಪ್ಪುತ್ತದೆ: ಬಾರ್ ಬಿಡಬೇಕಾದ ಗಳಿಗೆ, ವಾಲ್ಟ್ ಟೇಬಲಿಗೆ ಕೈಯೂರುವ ಗಳಿಗೆ, ಗಾಳಿಯಲ್ಲಿ ಮೈ ಬಿಚ್ಚುವ ಗಳಿಗೆ. ಇವು ಸೆಕೆಂಡಿನ ಸಣ್ಣ ಭಾಗಗಳ ಲೆಕ್ಕ. 10 ಸೆಂಟಿಮೀಟರ್ ಅಗಲದ ಬೀಮ್ ಮೇಲೆ ಆ ಸಣ್ಣ ತಪ್ಪಿಗೂ ಕ್ಷಮೆಯಿಲ್ಲ.

ಧೈರ್ಯ ಇನ್ನೂ ವಿಚಿತ್ರವಾದದ್ದು. ಏಳೆಂಟು ವರ್ಷದ ಮಕ್ಕಳಿಗೆ ಬಿದ್ದರೇನಾಗುತ್ತದೆ ಎಂಬ ಕಲ್ಪನೆಯೇ ಪೂರ್ತಿ ಮೂಡಿರುವುದಿಲ್ಲ. ಹದಿಹರೆಯಕ್ಕೆ ಬರುತ್ತಿದ್ದಂತೆ ಅದು ಮೂಡುತ್ತದೆ. ದಿನವೂ ಹಿಂದಕ್ಕೆ ಹಾರುತ್ತಿದ್ದವರಿಗೆ ಅಭ್ಯಾಸವೇ ಆ ಭಯವನ್ನು ಅದುಮಿ ಇಟ್ಟಿರುತ್ತದೆ. ಅಭ್ಯಾಸ ನಿಂತಾಗ ಭಯಕ್ಕೆ ಜಾಗ ಸಿಗುತ್ತದೆ. ಬೀಮ್ ಮೇಲೆ ಹಿಂದಕ್ಕೆ ಹಾರಲು ನಿಂತ ಹುಡುಗಿ ಕೈಯೆತ್ತಿ, ಉಸಿರೆಳೆದು, ಮೊಣಕಾಲು ಬಾಗಿಸಿ, ಹಾರದೆ ಕೈ ಇಳಿಸುತ್ತಾಳೆ. ಮತ್ತೆ ಕೈಯೆತ್ತುತ್ತಾಳೆ. ಗದರಿದರೆ ಇದು ಹೋಗುವುದಿಲ್ಲ. ನೆಲದ ಮೇಲೆಳೆದ ಗೆರೆ, ಆಮೇಲೆ ತಗ್ಗಾದ ಬೀಮ್, ಆಮೇಲೆ ಪಕ್ಕದಲ್ಲಿ ಮ್ಯಾಟ್ ಪೇರಿಸಿದ ಎತ್ತರದ ಬೀಮ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿಸಿದರೆ ಹೆಚ್ಚಿನವರಲ್ಲಿ ಹೋಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಗಾಳಿಯಲ್ಲಿ ತನ್ನ ಮೈ ಎಲ್ಲಿದೆ ಎಂಬ ಅರಿವೇ ತಪ್ಪುವುದು. ಜಿಮ್ನಾಸ್ಟರು ಇದನ್ನು ‘ಟ್ವಿಸ್ಟೀಸ್’ ಎನ್ನುತ್ತಾರೆ. 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸಿನ ತಂಡ ಫೈನಲ್‌ನಲ್ಲಿ ಸಿಮೋನ್ ಬೈಲ್ಸ್ ಎರಡೂವರೆ ತಿರುವಿನ ವಾಲ್ಟ್‌ಗೆ ಹೊರಟು ಒಂದೂವರೆ ತಿರುವಿಗೇ ಇಳಿದು ಸ್ಪರ್ಧೆಯಿಂದ ಹಿಂದೆ ಸರಿದದ್ದು ಈ ತೊಂದರೆಯನ್ನು ಜಗತ್ತಿಗೆ ಪರಿಚಯಿಸಿತು. ಆ ಒಲಿಂಪಿಕ್ಸ್ ಮುಗಿದ ಮೇಲೆ ಅವರು 2023ರ ಆಗಸ್ಟ್‌ವರೆಗೆ, ಅಂದರೆ ಎರಡು ವರ್ಷ, ಸ್ಪರ್ಧಿಸಲಿಲ್ಲ. ಮರಳಿದ ತಿಂಗಳಲ್ಲೇ ಎಂಟನೇ ಬಾರಿ ಅಮೆರಿಕದ ಚಾಂಪಿಯನ್ ಆದರು, ಅಕ್ಟೋಬರ್‌ನಲ್ಲಿ ಆಂಟ್ವರ್ಪ್‌ನಲ್ಲಿ ಆರನೇ ಬಾರಿ ವಿಶ್ವ ಆಲ್‌ರೌಂಡ್ ಪಟ್ಟ ಗೆದ್ದರು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ತಂದರು. ಬೆಳವಣಿಗೆ ಮುಗಿದ, ಅಸಾಮಾನ್ಯ ಪ್ರತಿಭೆಯ ವಯಸ್ಕರ ಈ ಉದಾಹರಣೆಯನ್ನು ಹನ್ನೆರಡರ ಮಗುವಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ದೀರ್ಘ ಬಿಡುವು ಎಂದರೆ ಆಟ ಮುಗಿದಂತೆಯೇ ಎಂಬ ಹಳೆಯ ನಂಬಿಕೆಯನ್ನು ಅದು ಅಲುಗಾಡಿಸಿತು.

2020ರ ಕೋವಿಡ್ ಲಾಕ್‌ಡೌನ್‌ನಲ್ಲಿ ಜಗತ್ತಿನ ಜಿಮ್ನಾಸ್ಟರಲ್ಲಿ ಬಹುಪಾಲು ಮಂದಿ ಒಮ್ಮೆಲೇ ಬಿಡುವಿಗೆ ಬಿದ್ದರು. ಗೋಡೆಗೆ ಕಾಲು ಚಾಚಿ ಹ್ಯಾಂಡ್‌ಸ್ಟ್ಯಾಂಡ್, ಮೆಟ್ಟಿಲ ಮೇಲೆ ಜಿಗಿತ, ಚಾಪೆಯ ಮೇಲೆ ಹೊಟ್ಟೆಯ ವ್ಯಾಯಾಮ ಇವೆಲ್ಲ ಮನೆಯಲ್ಲೇ ನಡೆದವು. ಬಾರ್ ಮತ್ತು ವಾಲ್ಟ್‌ಗೆ ಮನೆಯಲ್ಲಿ ಬದಲಿ ಇರಲಿಲ್ಲ. ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋದಾಗ 2005ರಲ್ಲಿ ಹುಟ್ಟಿದ ಹುಡುಗಿಯರಿಗೂ ಅವಕಾಶ ಸಿಕ್ಕಿತು, ಮತ್ತು ಅವರಲ್ಲೊಬ್ಬರಾದ ವಿಕ್ಟೋರಿಯಾ ಲಿಸ್ತುನೋವಾ ರಷ್ಯಾ ಒಲಿಂಪಿಕ್ ಸಮಿತಿಯ ತಂಡದಲ್ಲಿ ಚಿನ್ನ ಗೆದ್ದರು. ಒಂದೇ ವರ್ಷದ ಅಂತರ ಕೆಲವರಿಗೆ ಬಾಗಿಲು ತೆರೆಯಿತು, ಕೆಲವರಿಗೆ ಮುಚ್ಚಿತು. ಭಾರತದ ಪ್ರಣತಿ ನಾಯಕ್ ಲಾಕ್‌ಡೌನ್ ಕಾಲವನ್ನು ಪಶ್ಚಿಮ ಬಂಗಾಳದ ತಮ್ಮ ಊರಾದ ಪಿಂಗ್ಲಾದಲ್ಲಿ ಕಳೆದು, ಕೊನೆಯ ಗಳಿಗೆಯಲ್ಲಿ ಸಿಕ್ಕ ಖಂಡದ ಕೋಟಾದಲ್ಲಿ ಟೋಕಿಯೊಗೆ ಹೋದರು.

ಗಾಯದ ಬಿಡುವು

ಎಳೆಯ ಜಿಮ್ನಾಸ್ಟರಲ್ಲಿ ಅತಿಬಳಕೆಯ ಗಾಯಗಳೇ ಬಿಡುವಿಗೆ ದೊಡ್ಡ ಕಾರಣ. ಮಣಿಕಟ್ಟಿನ ರೇಡಿಯಸ್ ಮೂಳೆಯ ಬೆಳವಣಿಗೆ ತಟ್ಟೆ ಪದೇಪದೇ ಒತ್ತಿಗೆ ಸಿಕ್ಕಿ ನೋಯುವುದು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಜಿಮ್ನಾಸ್ಟ್ ಮಣಿಕಟ್ಟು ಎಂದೇ ಹೆಸರು. ಮೊಣಕಾಲ ಕೆಳಗಿನ ಗುಬುಟು ನೋಯುವ ಆಸ್‌ಗುಡ್-ಶ್ಲಾಟರ್, ಹಿಮ್ಮಡಿ ನೋಯುವ ಸೀವರ್ ತೊಂದರೆ, ಸೊಂಟದ ಕಶೇರುವಿನಲ್ಲಿ ಬಿರುಕು, ಮೊಣಕೈಯ ಮೃದ್ವಸ್ಥಿ ಕಳಚುವುದು ಉಳಿದವು. ಇವುಗಳಲ್ಲಿ ಬಿಡುವೇ ಔಷಧ. ಮಣಿಕಟ್ಟಿನ ತಟ್ಟೆ ಮಾಯಲು ಆರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕೈಯ ಮೇಲೆ ಭಾರ ಹಾಕುವಂತಿಲ್ಲ. ಅದನ್ನು ಲೆಕ್ಕಿಸದೆ ಮುಂದುವರಿದರೆ ತಟ್ಟೆ ಅಕಾಲದಲ್ಲಿ ಮುಚ್ಚಿ ಮುಂಗೈಯ ಎರಡು ಮೂಳೆಗಳ ಉದ್ದ ಏರುಪೇರಾಗಬಹುದು. ಆರು ವಾರ ಉಳಿಸಲು ಹೋಗಿ ಇಡೀ ಬಾಳಿನ ಕೈಯನ್ನು ಪಣಕ್ಕಿಡುವ ವ್ಯವಹಾರ ಇದು.

ಗಾಯದ ಬಿಡುವು ಪೂರ್ತಿ ವಿಶ್ರಾಂತಿಯಾಗಬೇಕಿಲ್ಲ. ಕೈಗೆ ಪೆಟ್ಟಾದವರು ಕಾಲಿನ ಕೆಲಸ, ಜಿಗಿತ, ನೃತ್ಯದ ಭಾಗ ಮಾಡಬಹುದು. ಕಾಲಿಗೆ ಪೆಟ್ಟಾದವರು ಹೊಟ್ಟೆ, ಭುಜದ ವ್ಯಾಯಾಮ ಮಾಡಬಹುದು. ಒಂದು ಕೈ ಕಟ್ಟಿನಲ್ಲಿದ್ದಾಗ ಇನ್ನೊಂದು ಕೈಗೆ ಕೊಡುವ ವ್ಯಾಯಾಮದಿಂದ ಕಟ್ಟಿನಲ್ಲಿರುವ ಕೈಯ ಬಲವೂ ಸ್ವಲ್ಪಮಟ್ಟಿಗೆ ಉಳಿಯುತ್ತದೆ. ಕಣ್ಮುಚ್ಚಿ ಚಲನೆಯನ್ನು ಮನಸ್ಸಿನಲ್ಲೇ ನಡೆಸುವುದಕ್ಕೂ ಬೆಲೆಯಿದೆ. ಒಹಾಯೊ ವಿಶ್ವವಿದ್ಯಾಲಯದ ಬ್ರಯನ್ ಕ್ಲಾರ್ಕ್ ಮತ್ತು ಸಂಗಡಿಗರು 2014ರಲ್ಲಿ ವಯಸ್ಕರ ಮಣಿಕಟ್ಟಿಗೆ ನಾಲ್ಕು ವಾರ ಪ್ಲಾಸ್ಟರ್ ಹಾಕಿ ನೋಡಿದಾಗ, ಸ್ನಾಯು ಬಿಗಿಯುವುದನ್ನು ಮನಸ್ಸಿನಲ್ಲಿ ಊಹಿಸುತ್ತಿದ್ದವರಲ್ಲಿ ಬಲದ ನಷ್ಟ ಉಳಿದವರದರ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಅಂಕಣದ ಬೆಂಚಿನ ಮೇಲೆ ಕುಳಿತು ಗೆಳತಿಯರ ಅಭ್ಯಾಸ ನೋಡುವ ಮಗು ಸುಮ್ಮನೆ ಹೊತ್ತು ಕಳೆಯುತ್ತಿಲ್ಲ. ತಂಡದಿಂದ ಬೇರೆಯಾಗಲಿಲ್ಲ ಎಂಬ ಭಾವ ಅದಕ್ಕಿಂತ ದೊಡ್ಡ ಲಾಭ.

ಅವಸರದಲ್ಲಿ ಮರಳಿಸಿದರೆ ಏನಾಗಬಹುದು ಎಂಬುದನ್ನು ಸೋವಿಯತ್ ಜಿಮ್ನಾಸ್ಟ್ ಎಲೆನಾ ಮುಖಿನಾ ಅವರ ಬದುಕು ಹೇಳುತ್ತದೆ. 1978ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರಿಗೆ 18 ವರ್ಷ. 1979ರಲ್ಲಿ ಕಾಲು ಮುರಿದು ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. ಮಾಸ್ಕೋ ಒಲಿಂಪಿಕ್ಸ್ ಹತ್ತಿರವಾಗುತ್ತಿತ್ತು. ಪ್ಲಾಸ್ಟರ್ ಬೇಗ ತೆಗೆಸಿ ಅಭ್ಯಾಸಕ್ಕೆ ಇಳಿಸಲಾಯಿತು. ಮೂಳೆ ಕೂಡಿರಲಿಲ್ಲ, ಮತ್ತೆ ಶಸ್ತ್ರಚಿಕಿತ್ಸೆಯಾಯಿತು. ಕಾಲಿನ ಬಲ ಪೂರ್ತಿ ಬರದಿರುವಾಗಲೇ ಥಾಮಸ್ ಸಾಲ್ಟೊ ಎಂಬ ಅತ್ಯಂತ ಅಪಾಯಕಾರಿ ಲಾಗವನ್ನು ಅವರ ಪ್ರದರ್ಶನಕ್ಕೆ ಸೇರಿಸಿದ್ದರು. ಆ ಲಾಗ ಪೂರ್ತಿಯಾಗಲು ಬೇಕಾದ ಎತ್ತರವನ್ನು ಕೊಡಬೇಕಾದದ್ದು ನೆಲವನ್ನು ಒದೆಯುವ ಕಾಲು. 1980ರ ಜುಲೈ 3ರಂದು ಮಿನ್ಸ್ಕ್‌ನ ಅಭ್ಯಾಸದಲ್ಲಿ ಆ ಎತ್ತರ ಸಿಗಲಿಲ್ಲ; ಗದ್ದ ನೆಲಕ್ಕೆ ಬಡಿದು ಕುತ್ತಿಗೆ ಮುರಿಯಿತು. 20ರ ವಯಸ್ಸಿನಿಂದ 2006ರಲ್ಲಿ ತೀರಿಕೊಳ್ಳುವವರೆಗೆ ಅವರು ಕೈಕಾಲು ಸ್ವಾಧೀನವಿಲ್ಲದೆ ಬದುಕಿದರು. ಆ ಲಾಗವನ್ನು ಮುಂದೆ ಮಹಿಳೆಯರಿಗೆ ನಿಷೇಧಿಸಲಾಯಿತು. ಆದರೆ ಕೇಡಿನ ಮೂಲ ಲಾಗ ಒಂದರಲ್ಲೇ ಇರಲಿಲ್ಲ, ಮಾಯದ ಕಾಲಿಗೆ ಕೊಡಬೇಕಾದ ತಿಂಗಳುಗಳನ್ನು ಕೊಡದಿರುವುದರಲ್ಲೂ ಇತ್ತು.

ಭಾರತದ ಉದಾಹರಣೆ ದೀಪಾ ಕರ್ಮಾಕರ್ ಅವರದು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಪ್ರೊಡುನೋವಾ ಎಂಬ ಅತಿ ಕಷ್ಟದ ವಾಲ್ಟ್ ಹಾರಿ 15.066 ಅಂಕ ಪಡೆದು 0.150 ಅಂತರದಲ್ಲಿ ಕಂಚು ಕಳೆದುಕೊಂಡ ಅಗರ್ತಲಾದ ಈ ಆಟಗಾರ್ತಿ, 2017ರಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಗೆ ಒಳಗಾದರು. 2018ರ ಜುಲೈನಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ವಿಶ್ವ ಚಾಲೆಂಜ್ ಕಪ್‌ನ ವಾಲ್ಟ್ ಚಿನ್ನ ಗೆದ್ದು ಮರಳಿದರೂ ಮೊಣಕಾಲು ಮತ್ತೆಮತ್ತೆ ಕೈಕೊಟ್ಟಿತು. 2024ರಲ್ಲಿ ತಾಷ್ಕೆಂಟ್‌ನಲ್ಲಿ 13.566 ಅಂಕದೊಂದಿಗೆ ಏಷ್ಯನ್ ಚಾಂಪಿಯನ್ ಆದರು, ಅದೇ ವರ್ಷ ನಿವೃತ್ತಿ ಹೊಂದಿದರು. ಬಿಡುವುಗಳ ನಂತರ ಮರಳಿದ ಆಟ ಕಡಿಮೆ ಕಷ್ಟದ್ದಾಗಿತ್ತು, ಗೆಲುವು ಮಾತ್ರ ಅಪ್ಪಟವಾಗಿತ್ತು.

ಬೇಕಾಗಿರುವ ಬಿಡುವು

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಒಂದೇ ಆಟಕ್ಕೆ ಅಂಟಿಕೊಂಡ ಮಕ್ಕಳು ವಾರಕ್ಕೆ ಒಂದೆರಡು ದಿನ ಮತ್ತು ವರ್ಷಕ್ಕೆ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳ ಕಂತಿನಲ್ಲಿ, ಆ ಆಟದಿಂದ ದೂರವಿರಬೇಕೆಂದು 2016ರಲ್ಲಿ ಸಲಹೆ ನೀಡಿತು. ಜಿಮ್ನಾಸ್ಟಿಕ್ಸ್ ಲೋಕದಲ್ಲಿ ಈ ಸಲಹೆ ಹೆಚ್ಚಾಗಿ ಕಾಗದದಲ್ಲೇ ಉಳಿದಿದೆ. ವರ್ಷಪೂರ್ತಿ ಅಭ್ಯಾಸ ಇಲ್ಲಿನ ರೂಢಿ, ಒಂದು ವಾರ ತಪ್ಪಿದರೆ ಎರಡು ವಾರ ಹಿಂದೆ ಎಂಬ ಮಾತು ಅಂಕಣಗಳಲ್ಲಿ ಸಾಮಾನ್ಯ. ಮೇಲಿನ ಅಧ್ಯಯನಗಳಲ್ಲಿ ಆ ಮಾತಿಗೆ ಆಧಾರವಿಲ್ಲ. ಒಂದು ವಾರದಲ್ಲಿ ಹೋಗುವುದು ಸ್ವಲ್ಪ ದಮ್ಮು, ಸ್ವಲ್ಪ ಬಾಗು, ಸ್ವಲ್ಪ ಜಡ್ಡು. ಬರುವುದು ನೋವಿಲ್ಲದ ಕೀಲು, ನಿದ್ದೆ, ಮತ್ತೆ ಆಡಬೇಕೆಂಬ ಆಸೆ.

ಬಿಡುವು ಕೇಳಲು ಮಗುವಿಗೆ ಧೈರ್ಯವಿರಬೇಕು, ಕೇಳಿದಾಗ ಕಿವಿಗೊಡುವವರೂ ಇರಬೇಕು. ಬ್ರಿಟನ್ನಿನ ಜಿಮ್ನಾಸ್ಟಿಕ್ಸ್ ಕುರಿತು ಆನ್ ವೈಟ್ ನಡೆಸಿ 2022ರ ಜೂನ್‌ನಲ್ಲಿ ಪ್ರಕಟಿಸಿದ ವಿಚಾರಣಾ ವರದಿಯಲ್ಲಿ, ಗಾಯವಿದ್ದರೂ ಅಭ್ಯಾಸ ಮಾಡಿಸಿದ್ದು, ನೋವಿನ ಮಾತನ್ನು ನಂಬದಿದ್ದದ್ದು, ತೂಕಕ್ಕಾಗಿ ಪೀಡಿಸಿದ್ದು ಸಾಲುಸಾಲಾಗಿ ದಾಖಲಾಗಿವೆ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಕಾಲ್ಗಿಣ್ಣು ತಿರುಚಿದ 18ರ ಕೆರಿ ಸ್ಟ್ರಗ್ ಎರಡನೇ ವಾಲ್ಟ್ ಹಾರಿದ್ದನ್ನು ಜಗತ್ತು ಶೌರ್ಯವೆಂದು ಕೊಂಡಾಡಿತ್ತು. 25 ವರ್ಷಗಳ ನಂತರ ಬೈಲ್ಸ್ ಹಾರದೆ ನಿಂತಾಗ, ಟೀಕೆಗಳ ನಡುವೆಯೂ ಅದನ್ನು ಸರಿಯೆಂದವರು ಬಹಳ ಮಂದಿ. ಆಟದ ಲೋಕ ಬದಲಾಗುತ್ತಿರುವುದಕ್ಕೆ ಇದು ಒಳ್ಳೆಯ ಗುರುತು.

ಮರಳುವ ಕ್ರಮ

ಮರಳುವ ವಾರಗಳಿಗೆ ನಿರ್ದಿಷ್ಟ ಅಳತೆ ಸೂಚಿಸಿದ ದಾಖಲೆಗಳಲ್ಲಿ 2019ರಲ್ಲಿ ಅಮೆರಿಕದ ಎರಡು ತರಬೇತುದಾರ ಸಂಘಗಳು ಕಾಲೇಜು ಆಟಗಾರರಿಗಾಗಿ ಒಟ್ಟಾಗಿ ಹೊರಡಿಸಿದ ಮಾರ್ಗಸೂಚಿ ಮುಖ್ಯವಾದದ್ದು. ಅದರಂತೆ ಮೈ ಹುರಿಗೊಳಿಸುವ ವ್ಯಾಯಾಮದ ಪ್ರಮಾಣವನ್ನು ಮೊದಲ ವಾರ ಶೇ. 50, ಎರಡನೇ ವಾರ ಶೇ. 30, ಮೂರನೇ ವಾರ ಶೇ. 20, ನಾಲ್ಕನೇ ವಾರ ಶೇ. 10ರಷ್ಟು ತಗ್ಗಿಸಬೇಕು. ಬಿಡುವಿನಿಂದ ಬಂದವರಿಗೆ ಶಿಕ್ಷೆಯಂತೆ ವಿಪರೀತ ವ್ಯಾಯಾಮ ಮಾಡಿಸಿದಾಗ ಸ್ನಾಯುಗಳು ಒಡೆದು ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡುವ ಪ್ರಕರಣಗಳು ಈ ನಿಯಮಕ್ಕೆ ಪ್ರೇರಣೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಜಿಮ್ನಾಸ್ಟಿಕ್ಸ್‌ನಲ್ಲಿ ಗಂಟೆಗಳಿಗಿಂತ ಏಟುಗಳನ್ನು ಎಣಿಸುವುದು ಉಪಯುಕ್ತ: ದಿನಕ್ಕೆ ಎಷ್ಟು ಬಾರಿ ಗಟ್ಟಿ ನೆಲಕ್ಕೆ ಇಳಿದದ್ದು, ಎಷ್ಟು ಬಾರಿ ಕೈಯೂರಿ ಮೈಭಾರ ಹೊತ್ತದ್ದು. ಮೊದಲ ದಿನಗಳ ಲಾಗಗಳು ಫೋಮ್ ತುಂಬಿದ ಗುಂಡಿಗೆ, ಆಮೇಲೆ ದಪ್ಪ ಮ್ಯಾಟ್‌ಗೆ, ಕೊನೆಗೆ ಸ್ಪರ್ಧೆಯ ನೆಲಕ್ಕೆ. ಬಿಡುವಿನಲ್ಲಿ ಎತ್ತರವಾದ ಮಗುವಿಗೆ ಓಟದ ಹೆಜ್ಜೆಗಳ ಲೆಕ್ಕವನ್ನೂ ಸ್ಪ್ರಿಂಗ್‌ಬೋರ್ಡ್ ಇಡುವ ದೂರವನ್ನೂ ಹೊಸದಾಗಿ ಗುರುತಿಸಬೇಕು. ತಲೆಗೆ ಪೆಟ್ಟಾಗಿ ಬಿಟ್ಟವರಿಗೆ ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನದ ಅಂತರವಿರಬೇಕು, ತಲೆಕೆಳಗಾಗುವ ಮತ್ತು ತಿರುಗುವ ಕಸರತ್ತುಗಳು ಎಲ್ಲಕ್ಕಿಂತ ಕೊನೆಗೆ. ನೋವು ರಾತ್ರಿ ಉಳಿದರೆ, ಮಾರನೇ ಬೆಳಿಗ್ಗೆ ಕುಂಟಿದರೆ, ಹಿಂದಿನ ಹಂತಕ್ಕೆ ಇಳಿಯಬೇಕು. ಹಳೆಯ ಮಟ್ಟ ಮುಟ್ಟಲು ಬಿಡುವಿನಷ್ಟೇ ಕಾಲ ಹಿಡಿಯಬಹುದು ಎಂದು ಮೊದಲೇ ತಿಳಿಸಿದರೆ ಮಗು ನಿರಾಶೆಗೊಳ್ಳುವುದು ಕಡಿಮೆ.

ಮರಳದವರೂ ಇದ್ದಾರೆ. ಬಾಲ್ಯವೆಲ್ಲ ಅಂಕಣದಲ್ಲೇ ಕಳೆದ ಮಕ್ಕಳು ಆಟ ಬಿಟ್ಟಾಗ ದಿನದ ನಾಲ್ಕೈದು ಗಂಟೆ ಒಮ್ಮೆಲೇ ಖಾಲಿಯಾಗುತ್ತದೆ, ಗೆಳೆಯರ ಬಳಗ ದೂರವಾಗುತ್ತದೆ, ತಾನು ಜಿಮ್ನಾಸ್ಟ್ ಎಂಬ ಗುರುತು ಕಳಚುತ್ತದೆ. ಕೆಲವು ತಿಂಗಳ ಮಂಕು ಇಂಥವರಲ್ಲಿ ಸಾಮಾನ್ಯ. ಡೈವಿಂಗ್, ಪೋಲ್ ವಾಲ್ಟ್, ನೃತ್ಯದಂಥ ಕ್ಷೇತ್ರಗಳಿಗೆ ಹೊರಳುವವರಿಗೆ ಗಾಳಿಯಲ್ಲಿ ಮೈಯ ಅರಿವು, ಬಾಗು, ಕಾಲಿನ ಸಿಡಿತ ನೇರವಾಗಿ ಕೆಲಸಕ್ಕೆ ಬರುತ್ತವೆ. ಇನ್ನು ಕೆಲವರು ಕಿರಿಯ ಮಕ್ಕಳಿಗೆ ಕಲಿಸುವ ಕೆಲಸ ಹಿಡಿಯುತ್ತಾರೆ. ಬಿಡುವಿನಿಂದ ಮರಳಿದ ಮಗು ಬೀಮ್ ಮೇಲೆ ಯಾಕೆ ಹಿಂಜರಿಯುತ್ತಿದೆ ಎಂಬುದು ಅವರಿಗೆ ಬೇಗ ಅರ್ಥವಾಗುತ್ತದೆ.